ಕಲ್ಲಿನ ಮನೆಗೆ ಸಿಮೆಂಟ್ ಬೇಡ

ಮಾನ್ಯರೇ,

ಕಲ್ಲಿನಿಂದ ಕಟ್ಟಿದ ಹಳೆಯ ಹಳ್ಳಿಮನೆಗಳನ್ನು ನವೀಕರಿಸುವ ಅನೇಕರು ಮೊದಲು ಸಂದುಗಳಿಗೆ ಸಿಮೆಂಟ್ ತುಂಬಿಸುತ್ತಾರೆ. ಸುಣ್ಣದ ಗಾರೆ ಗೋಡೆಯೊಳಗಿನ ತೇವ ಹೊರಗೆ ಆರಲು ಬಿಡುತ್ತದೆ. ಗಟ್ಟಿ ಸಿಮೆಂಟ್ ಅದನ್ನು ತಡೆಯುವುದರಿಂದ ತೇವವು ಕಲ್ಲಿನ ಮೂಲಕವೇ ಹೊರಬರಬೇಕಾಗಿ, ಮೆದುಗಲ್ಲಿನ ಮೈ ಪದರಪದರವಾಗಿ ಉದುರತೊಡಗುತ್ತದೆ. ಸಿಮೆಂಟ್ ಚೀಲದ ಮೇಲೆ ಇದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ, ಬಿಡಿ.

1935ರಲ್ಲಿ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರು ಪೆನ್ಸಿಲ್ವೇನಿಯಾದ ಜಲಪಾತವೊಂದರ ಮೇಲೆ ವಿನ್ಯಾಸಗೊಳಿಸಿದ ‘ಫಾಲಿಂಗ್‌ವಾಟರ್’ ಮನೆಗೆ ಅಲ್ಲಿಯದೇ ಮರಳುಗಲ್ಲನ್ನು ಬಳಸಿ, ಜಾಗದಲ್ಲಿದ್ದ ಬಂಡೆಯನ್ನು ಒಡೆಯದೆ ಅಗ್ಗಿಷ್ಟಿಕೆಯ ಮುಂದೆ ಹಾಗೆಯೇ ಉಳಿಸಿಕೊಂಡರು. ಜಾಗವನ್ನು ಇದ್ದಂತೆಯೇ ಉಳಿಸಿಕೊಳ್ಳುವ ಈ ಕ್ರಮ ಹಳೆಯ ಮನೆಯ ಮರುವಿನ್ಯಾಸಕ್ಕೂ ಸಲ್ಲುತ್ತದೆ. ಹೊಸ ಕೋಣೆಯನ್ನು ಎಲ್ಲಿ ಕಟ್ಟಬೇಕೆಂಬುದನ್ನು ಈಗಿರುವ ಮರಗಳೂ ನೆಲದ ಇಳಿಜಾರೂ ನಿರ್ಧರಿಸಲಿ. ಜೆಸಿಬಿಯಿಂದ ಸಮತಟ್ಟು ಮಾಡಿಸಿದ ನೆಲದಲ್ಲಿ ಮಳೆನೀರು ಹರಿಯಲು ದಾರಿ ಕಾಣದೆ ಅಡಿಪಾಯದ ಬುಡಕ್ಕೇ ಬಂದು ನಿಲ್ಲುತ್ತದೆ.

— ಓರ್ವ ಓದುಗ