ಮುದ್ರಣಾಲಯಗಳಲ್ಲಿ ಆಲ್ಕೋಹಾಲ್ ಬಳಕೆ ತಗ್ಗಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಮಲೆನಾಡಿನ ಮುದ್ರಣಾಲಯಗಳಲ್ಲಿ ಮೊದಲು ಮುಚ್ಚುವುದು ಕಿಟಕಿಗಳನ್ನು; ತೆರೆದಿಟ್ಟರೆ ಕಾಗದ ತೇವ ಹೀರಿ ಹಿಗ್ಗುತ್ತದೆ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ. ಆದರೆ ಹಾಗೆ ಮುಚ್ಚಿದ ಕೋಣೆಯಲ್ಲಿ ಆಫ್‌ಸೆಟ್ ಯಂತ್ರದ ನೀರಿನ ಟ್ರೇಯಿಂದ ಏಳುವ ಆಲ್ಕೋಹಾಲ್ ಆವಿಯೂ ಹೊರಹೋಗದೆ ಉಳಿಯುತ್ತದೆ. ಶಿವಮೊಗ್ಗದಲ್ಲಿ ಬಹಳ ವರ್ಷಗಳಿಂದ ಇದೇ ವೃತ್ತಿಯಲ್ಲಿರುವ ನಾನು, ಸಂಜೆಯ ತಲೆನೋವನ್ನು ದಣಿವೆಂದೇ ತಿಳಿದಿದ್ದೆ.

ಆಫ್‌ಸೆಟ್ ಮುದ್ರಣ ನಿಂತಿರುವುದು ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬುದರ ಮೇಲೆ. ಪ್ಲೇಟಿನ ಖಾಲಿ ಭಾಗವನ್ನು ಫೌಂಟನ್ ಸೊಲ್ಯೂಷನ್ ಎಂಬ ನೀರಿನ ದ್ರಾವಣ ತೆಳುವಾಗಿ ಒದ್ದೆ ಮಾಡಿದರೆ ಮಾತ್ರ ಇಂಕು ಅಕ್ಷರ ಮತ್ತು ಚಿತ್ರಗಳಿಗಷ್ಟೇ ಹಿಡಿಯುತ್ತದೆ. ನೀರು ಸುಲಭವಾಗಿ ಹರಡಲೆಂದು ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ನಾವು ಐಪಿಎ ಎನ್ನುವ ದ್ರವವನ್ನು, ಶೇ 10ರ ಆಸುಪಾಸು ಬೆರೆಸುವುದು ರೂಢಿ. ಶುದ್ಧ ಐಪಿಎಯ ಆವಿ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ಸೋಕಿದರೆ ಹೊತ್ತಿಕೊಳ್ಳಬಲ್ಲದು; ಹೊರಗೆ ಹೋದ ಆವಿ ಬಿಸಿಲಿನಲ್ಲಿ ವಾಹನಗಳ ಹೊಗೆಯೊಡನೆ ಸೇರಿ ನೆಲಮಟ್ಟದ ಓಝೋನ್ ಉಂಟಾಗಲು ಕಾರಣವಾಗುತ್ತದೆ.

ಐಪಿಎ ಬೇಡದ ಪರ್ಯಾಯ ದ್ರಾವಣಗಳಿವೆ. ನಾವು ಅಂಥದ್ದನ್ನು ಮೊದಲು ಬಳಸಿದಾಗ ಮದುವೆ ಪತ್ರಿಕೆಗಳ ಬಿಳಿ ಅಂಚಿನ ಮೇಲೆಲ್ಲ ಮಸಿ ಹಿಡಿದು, ಹಳೆಯ ಪದ್ಧತಿಗೇ ಮರಳಿದೆವು. ದೋಷ ದ್ರಾವಣದ್ದಲ್ಲವೆಂದು ತಿಳಿದದ್ದು ಆಮೇಲೆ: ಬೋರ್‌ವೆಲ್ ನೀರು ಗಡುಸಾಗಿತ್ತು, ರೋಲರ್‌ಗಳು ಹಳತಾಗಿ ಗಟ್ಟಿಯಾಗಿದ್ದವು, ಇಷ್ಟು ದಿನ ಇವೆರಡರ ಕೊರತೆಯನ್ನು ಐಪಿಎ ಮರೆಮಾಚಿತ್ತು. ಶುದ್ಧೀಕರಿಸಿದ ನೀರು, ಮೆತ್ತನೆಯ ಹೊಸ ರೋಲರ್, ಸುಮಾರು 10 ಡಿಗ್ರಿಗೆ ತಣಿಸಿದ ಟ್ರೇ, ದಿನಕ್ಕೊಮ್ಮೆ ದ್ರಾವಣದ ಪಿಎಚ್ (ಆಮ್ಲೀಯತೆಯ ಅಳತೆ) ಮತ್ತು ವಾಹಕತೆಯ (ವಿದ್ಯುತ್ ಹರಿಯಬಿಡುವ ಗುಣ) ಪರೀಕ್ಷೆ, ಇಷ್ಟನ್ನು ಪಾಲಿಸಿದ ಮೇಲೆ ಐಪಿಎಯನ್ನು ಹಂತಹಂತವಾಗಿ ತಗ್ಗಿಸಿ ಕೊನೆಗೆ ಬಿಟ್ಟೇಬಿಟ್ಟೆವು. ದಿನಪತ್ರಿಕೆ ಮುದ್ರಿಸುವ ದೊಡ್ಡ ವೆಬ್ ಯಂತ್ರಗಳು (ಕಾಗದದ ಸುರುಳಿಯ ಮೇಲೆ ಅಚ್ಚು ಮಾಡುವಂಥವು) ಸಾಮಾನ್ಯವಾಗಿ ಐಪಿಎ ಇಲ್ಲದೆಯೇ ನಡೆಯುತ್ತವೆ ಎಂಬುದನ್ನು ಹಿಂಜರಿಯುವ ಸಣ್ಣ ಮಾಲೀಕರು ಗಮನಿಸಬೇಕು.

ಒಂದು ಎಚ್ಚರಿಕೆಯ ಮಾತು. 'ಆಲ್ಕೋಹಾಲ್ ರಹಿತ' ಎಂಬ ಚೀಟಿ ಇದ್ದ ಮಾತ್ರಕ್ಕೆ ಯಾವ ದ್ರಾವಣವೂ ನಿರಪಾಯಕಾರಿಯಲ್ಲ; ಕೆಲವುಗಳಲ್ಲಿರುವ ಗ್ಲೈಕಾಲ್ ಈಥರ್ ಎಂಬ ರಾಸಾಯನಿಕಗಳು ಚರ್ಮದ ಮೂಲಕ ದೇಹ ಸೇರುತ್ತವೆ. ಮಾರಾಟಗಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಬೇಕು, ಮಷಿನ್‌ಮನ್‌ಗಳಿಗೆ ಕೈಗವಸು ಕೊಡಬೇಕು.

ಬಳಸಿ ಉಳಿದ ದ್ರಾವಣದ್ದು ಇನ್ನೂ ದೊಡ್ಡ ಚಿಂತೆ. ಇಂಕು ಮತ್ತು ಕಾಗದದ ನಾರು ಬೆರೆತ ಆ ನೀರನ್ನು ಚರಂಡಿಗೆ ಸುರಿದರೆ ಅದು ತುಂಗೆಯನ್ನೂ, ಕೂಡ್ಲಿಯಲ್ಲಿ ಭದ್ರೆಯನ್ನೂ ಸೇರಬಹುದು. ಒಂದೊಂದು ಸಣ್ಣ ಮುದ್ರಣಾಲಯದಿಂದ ಹೊರಬೀಳುವುದು ಕೆಲವು ಕ್ಯಾನ್‌ಗಳಷ್ಟೇ. ಅದಕ್ಕಾಗಿ ಪ್ರತ್ಯೇಕ ವ್ಯವಸ್ಥೆ ಮಾಡಿಕೊಳ್ಳಲು ಯಾರಿಗೂ ಆಗದು. ಆದ್ದರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಮಹಾನಗರ ಪಾಲಿಕೆಯೂ ಸೇರಿ, ತಿಂಗಳಿಗೊಮ್ಮೆ ಈ ತ್ಯಾಜ್ಯವನ್ನು ಮುದ್ರಣಾಲಯಗಳಿಂದ ಸಂಗ್ರಹಿಸಿ ಸಂಸ್ಕರಣೆಗೆ ಕಳುಹಿಸುವ ಏರ್ಪಾಡು ಮಾಡಬೇಕೆಂದು ವಿನಂತಿಸುತ್ತೇನೆ. ನ್ಯಾಯವಾದ ಶುಲ್ಕವನ್ನು ನಾವು ಕೊಡುತ್ತೇವೆ.

ಇಂತಿ,
ಓರ್ವ ಮುದ್ರಕ, ಶಿವಮೊಗ್ಗ