ಪಾರ್ಕಿನ್ಸನ್‌ಗೆ ಕೋಶ ಕಸಿ: ಪೂರ್ತಿ ಸುದ್ದಿ ಕೊಡಿ

ಮಾನ್ಯ ಸಂಪಾದಕರೇ,

ಮಿದುಳಿಗೆ ನರಕೋಶ ಕಸಿ ಮಾಡಿದರೆ ಪಾರ್ಕಿನ್ಸನ್ ಕಾಯಿಲೆ ವಾಸಿಯಾಗುತ್ತದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ಬಂದ ಕೂಡಲೇ ನೆಂಟರಿಷ್ಟರು ಅದನ್ನು ನನಗೆ ಕಳಿಸುತ್ತಾರೆ. ನನ್ನ ಅಮ್ಮನಿಗೂ ಇದೇ ಕಾಯಿಲೆ. ಮಾತ್ರೆಯ ಶಕ್ತಿ ಇಳಿಯುವ ಹೊತ್ತಿಗೆ ಅವರು ಬಾಗಿಲ ಬಳಿ ಬಂದು ನಿಂತುಬಿಡುತ್ತಾರೆ. ಹೊಸ್ತಿಲು ದಾಟಲು ಮನಸ್ಸಿದೆ, ಕಾಲು ಏಳುವುದಿಲ್ಲ. ಹಿಡಿದು ಎಳೆದರೆ ಬೀಳುತ್ತಾರೆ. ಮುಂದಿನ ಮಾತ್ರೆ ಕೆಲಸ ಶುರು ಮಾಡುವವರೆಗೆ ಪಕ್ಕದಲ್ಲಿ ಸುಮ್ನೆ ನಿಂತಿರಬೇಕು. ಇಂಥ ಮನೆಗಳಲ್ಲಿ ನಿಮ್ಮ ತಲೆಬರಹದ ಒಂದೊಂದು ಅಕ್ಷರವನ್ನೂ ನಂಬಿ ಓದುತ್ತಾರೆ.

ಮಿದುಳಿನ ಆಳದಲ್ಲಿ, ದೇಹದ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತಾ ಹೋಗುವುದರಿಂದಲೇ ನಡುಕ, ಬಿಗಿತ, ನಿಧಾನ ಎಲ್ಲ. ಆ ಕೊರತೆಯನ್ನು ಹೊಸ ಕೋಶಗಳಿಂದ ತುಂಬುವ ಯೋಚನೆ ಹಳೆಯದು. ಸ್ವೀಡನ್ನಿನ ಲುಂಡ್‌ನಲ್ಲಿ 1987ರಲ್ಲೇ ಭ್ರೂಣದ ಮಿದುಳಿನ ಕೋಶಗಳನ್ನು ರೋಗಿಗಳಿಗೆ ಕಸಿ ಮಾಡಲು ಶುರು ಮಾಡಿದ್ದರು. ಕೆಲವರಿಗೆ ವರ್ಷಗಟ್ಟಲೆ ಅನುಕೂಲವೂ ಆಯಿತು.

ಆಮೇಲೆ ಆದದ್ದನ್ನು ಈಗಿನ ಸುದ್ದಿಗಳು ಹೇಳುವುದೇ ಇಲ್ಲ. ಅಮೆರಿಕದಲ್ಲಿ 40 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧ ಜನರಿಗೆ ನಿಜವಾದ ಕಸಿ. ಉಳಿದರ್ಧ ಜನರಿಗೆ ತಲೆಬುರುಡೆಯಲ್ಲಿ ರಂಧ್ರ ಕೊರೆದರು ಅಷ್ಟೇ, ಒಳಗೆ ಏನನ್ನೂ ಹಾಕಲಿಲ್ಲ. ಯಾರಿಗೆ ಯಾವುದು ಎಂದು ರೋಗಿಗಳಿಗೆ ಗೊತ್ತಿರಲಿಲ್ಲ. 2001ರಲ್ಲಿ ಫಲಿತಾಂಶ ಬಂತು. ನಿಮಗೆ ಎಷ್ಟು ವಾಸಿ ಎಂದು ರೋಗಿಗಳನ್ನೇ ಕೇಳಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 60 ದಾಟದವರಲ್ಲಿ ಮಾತ್ರ ಪರೀಕ್ಷೆಯ ಅಂಕಗಳು ಒಂದಿಷ್ಟು ಸುಧಾರಿಸಿದ್ದವು. ಕಸಿಯಾದವರಲ್ಲಿ ಶೇ 15ರಷ್ಟು ಜನರಿಗೆ ಕೈಕಾಲು ಹಿಡಿತ ತಪ್ಪಿ ಆಡುವ ಹೊಸ ತೊಂದರೆ ಶುರುವಾಯಿತು. ತನಗೆ ನಿಜವಾದ ಕಸಿಯೇ ಆಗಿದೆ ಎಂದು ನಂಬಿದವರು, ಆಗಿರದಿದ್ದರೂ, ತಮ್ಮ ಬದುಕು ಸುಧಾರಿಸಿದೆ ಎಂದು ಹೇಳಿದ್ದರು. ಈ ಕಾಯಿಲೆಯಲ್ಲಿ ನಂಬಿಕೆಯ ಬಲ ಅಷ್ಟು ಜಾಸ್ತಿ.

ಹಾಗಂತ ಈಗಿನ ಕೆಲಸ ಸಣ್ಣದಲ್ಲ. ಭ್ರೂಣದ ಕೋಶಗಳಲ್ಲಿ ಬೇಡದ್ದೂ ಬೆರೆತಿರುತ್ತಿತ್ತು, ಒಬ್ಬ ರೋಗಿಗೆ ಹಲವು ಭ್ರೂಣ ಬೇಕಾಗುತ್ತಿತ್ತು. ಈಗ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳಿಂದ ಬೇಕಾದ ಕೋಶವನ್ನೇ ಪ್ರಯೋಗಾಲಯದಲ್ಲಿ ಬೆಳೆಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಎರಡು ತಂಡಗಳ ಫಲಿತಾಂಶ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂತು. ಜಪಾನಿನ ಕ್ಯೋಟೋದಲ್ಲಿ 7 ಜನ, ಇನ್ನೊಂದು ತಂಡದಲ್ಲಿ 12 ಜನ. ಗಡ್ಡೆ ಬೆಳೆಯಲಿಲ್ಲ, ಕೋಶಗಳು ಬದುಕಿ ಡೋಪಮೈನ್ ತಯಾರಿಸಿದವು. ಕ್ಯೋಟೋದಲ್ಲಿ ಚಲನೆಯ ಪರೀಕ್ಷೆ ನಡೆದ 6 ಜನರ ಪೈಕಿ 4 ಮಂದಿ, ಮಾತ್ರೆಯ ಪ್ರಭಾವ ಇಲ್ಲದ ಹೊತ್ತಿನಲ್ಲೂ ಮೊದಲಿಗಿಂತ ಚೆನ್ನಾಗಿ ಓಡಾಡಿದರು. ಇದನ್ನು ಓದಿ ನನಗೂ ಖುಷಿಯಾಯಿತು. ಆದರೆ ಎರಡರಲ್ಲೂ, ಹೋಲಿಸಿ ನೋಡಲು, ಕೋಶ ಹಾಕದೆ ಬರೀ ನಕಲಿ ಶಸ್ತ್ರಚಿಕಿತ್ಸೆ ಮಾಡಿದ ಗುಂಪು ಇರಲಿಲ್ಲ. ಮುಖ್ಯವಾಗಿ ಸುರಕ್ಷತೆ ನೋಡಲು ಮಾಡಿದ ಪ್ರಯೋಗಗಳವು. 2001ರ ಪಾಠ ಗೊತ್ತಿದ್ದವರು ಇಷ್ಟಕ್ಕೇ 'ವಾಸಿ' ಎನ್ನಲಾರರು, ಅಲ್ವಾ?

ಇನ್ನೊಂದು ಮಾತು. ಕಸಿ ಗೆದ್ದರೂ ಕಾಯಿಲೆ ಅಲ್ಲಿಗೇ ನಿಲ್ಲುವುದಿಲ್ಲ. ಮಲಬದ್ಧತೆ, ನಿದ್ದೆಗೇಡು, ಮರೆವು ಇವೆಲ್ಲ ಬರೀ ಡೋಪಮೈನ್ ಕೊರತೆಯಿಂದ ಬರುವಂಥವಲ್ಲ. ಹೊರಗಿನ ಕೋಶವನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧವನ್ನೂ ಒಂದು ವರ್ಷದ ಮಟ್ಟಿಗಾದರೂ ತೆಗೆದುಕೊಳ್ಳಬೇಕು. ವಯಸ್ಸಾದವರಿಗೆ ಅದೇನು ಹಗುರದ ಮಾತಲ್ಲ.

ಅರ್ಧ ಸುದ್ದಿಯ ಲಾಭ ಯಾರಿಗೆ ಎಂಬುದನ್ನೂ ಯೋಚಿಸಿ. ರಕ್ತನಾಳಕ್ಕೋ ಬೆನ್ನಿಗೋ ಸ್ಟೆಮ್ ಸೆಲ್ ಚುಚ್ಚಿ ದುಡ್ಡು ಕೀಳುವ ಕ್ಲಿನಿಕ್‌ಗಳು ಇದೇ ವರದಿಗಳನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳುತ್ತವೆ. ಕ್ಯೋಟೋದಲ್ಲಿ ನಡೆದದ್ದಕ್ಕೂ ಆ ಚುಚ್ಚುಮದ್ದಿಗೂ ಸಂಬಂಧವೇ ಇಲ್ಲ. ಹತಾಶರಾದ ಮನೆಯವರಿಗೆ ಅದನ್ನು ಬಿಡಿಸಿ ಹೇಳುವವರು ಯಾರು?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಎಷ್ಟು ಜನರ ಮೇಲೆ ಪ್ರಯೋಗ ಆಯಿತು, ಹೋಲಿಸಿ ನೋಡಲು ಇನ್ನೊಂದು ಗುಂಪು ಇತ್ತೇ, ಎಷ್ಟು ಕಾಲ ಗಮನಿಸಿದರು ಎಂಬುದನ್ನು ವರದಿಯ ಮೊದಲ ಪ್ಯಾರಾದಲ್ಲೇ ಬರೆಯಿರಿ. ನಕಲಿ ಶಸ್ತ್ರಚಿಕಿತ್ಸೆಯ ಗುಂಪನ್ನೂ ಇಟ್ಟುಕೊಂಡು ಮುಂದಿನ ಹಂತದ ಪ್ರಯೋಗ ಈಗ ನಡೆಯುತ್ತಿದೆ. ಅದರ ಫಲಿತಾಂಶ ಬಂದ ದಿನ, ಅದು ನಿರಾಸೆಯದ್ದೇ ಆಗಿದ್ದರೂ, ಇದೇ ಪುಟದಲ್ಲಿ ಇಷ್ಟೇ ದೊಡ್ಡದಾಗಿ ಹಾಕಿ.

ಇಂತಿ,
ನಿಮ್ಮ ಓದುಗ