ಅಲೆಯ ದಾರಿ ಹುಡುಕಲು ಜೊತೆಯಾದವರಿಗೆ

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಭೂಕಂಪದ ಅಲೆ ನೆಲದೊಳಗೆ ಯಾವ ದಾರಿ ಹಿಡಿದು ಬರುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಂಡುಕೊಳ್ಳುವುದು ನನ್ನ ವಿಷಯ. ತುಂಬಾ ಜನರ ಋಣ ನನ್ನ ಮೇಲಿದೆ.

ಮೊದಲು ಗೈಡ್ ಮೇಡಂ. ಅಲೆ ಹಿಡಿಯುವುದು ಹತ್ತಿರದ ದಾರಿಯನ್ನಲ್ಲ, ಬೇಗ ತಲುಪುವ ದಾರಿಯನ್ನು ಅಂತ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದವರು ಅವರೇ. ಭೂಮಿಯ ಹೊರಪದರದಲ್ಲಿ ಪಿ ಅಲೆಯ, ಅಂದರೆ ಭೂಕಂಪದ ಅಲೆಗಳಲ್ಲಿ ಎಲ್ಲಕ್ಕಿಂತ ಬೇಗ ಓಡುವುದರ, ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ. ಅದರ ಕೆಳಗಿನ ಮ್ಯಾಂಟಲ್‌ನಲ್ಲಿ ಸುಮಾರು 8. ಹಾಗಾಗಿ 300 ಕಿ.ಮೀ. ದೂರದಲ್ಲಿ ಅಲೆ ದಾಖಲಿಸುವ ಕೇಂದ್ರಕ್ಕೆ, ಆಳಕ್ಕಿಳಿದು ಸುತ್ತಿ ಬಂದ ಅಲೆಯೇ ಮೊದಲು ಮುಟ್ಟುತ್ತದೆ. ಕ್ರೊಯೇಷಿಯಾದ ಭೂಕಂಪ ವಿಜ್ಞಾನಿ ಮೊಹೊರೊವಿಚಿಚ್ 1909ರ ಭೂಕಂಪದ ದಾಖಲೆಗಳಲ್ಲಿ ಇದನ್ನೇ ಗುರುತಿಸಿದ್ದು. ಎಷ್ಟು ಸೊಗಸಾದ ಯೋಚನೆ ಅಲ್ವಾ!

ಎರಡನೇ ವರ್ಷ ಮಾತ್ರ ತುಂಬಾ ಕಷ್ಟವಾಯಿತು. ಭೂಕಂಪದ ಜಾಗದಿಂದ ಒಂದು ಕೋನದಲ್ಲಿ ಕಿರಣ (ಅಲೆ ಸಾಗುವ ದಾರಿಯ ಗೆರೆ) ಬಿಡುವುದು, ಅದು ಕೇಂದ್ರಕ್ಕೆ ಬಂದು ಬೀಳುವ ತನಕ ಕೋನ ಬದಲಿಸುತ್ತಾ ಹೋಗುವುದು, ಇದು ಶೂಟಿಂಗ್ ವಿಧಾನ. ನಡುವೆ ವೇಗ ಕಡಿಮೆ ಇರುವ ಕಲ್ಲು ಸಿಕ್ಕಿದರೆ ಕಿರಣಗಳು ಆಚೀಚೆ ಚದುರಿಬಿಡುತ್ತಿದ್ದವು. ಕೆಲವು ಕೇಂದ್ರಗಳಿಗೆ ಒಂದೂ ತಲುಪುತ್ತಿರಲಿಲ್ಲ. ಆಗ ಲ್ಯಾಬಿನ ಸೀನಿಯರ್ ಅಕ್ಕ ರಾತ್ರಿ ಊಟವಾದ ಮೇಲೆ ಜೊತೆಗೆ ಕೂತು ಫಾಸ್ಟ್ ಮಾರ್ಚಿಂಗ್ ವಿಧಾನ ಬಿಡಿಸಿ ಹೇಳಿಕೊಟ್ಟರು. ಗಣಿತಜ್ಞ ಸೇಥಿಯನ್ 1996ರಲ್ಲಿ ಕೊಟ್ಟದ್ದು. ಇದರಲ್ಲಿ ಒಂದೊಂದು ಕಿರಣದ ಬೆನ್ನು ಹತ್ತಬೇಕಿಲ್ಲ. ಗದ್ದೆಗೆ ಬಿಟ್ಟ ನೀರಿನ ಹಾಗೆ ಅಲೆಯ ಅಂಚೇ ಮುಂದೆ ಸಾಗುತ್ತದೆ. ಅಂಚಿನ ಬಿಂದುಗಳಲ್ಲಿ ಯಾವುದರ ಸಮಯ ಎಲ್ಲಕ್ಕಿಂತ ಕಡಿಮೆಯೋ ಅದನ್ನು ಮೊದಲು ಕಾಯಂ ಮಾಡಬೇಕು, ಅದರ ಪಕ್ಕದವುಗಳ ಸಮಯ ಲೆಕ್ಕ ಹಾಕಬೇಕು, ಮತ್ತೆ ಕಡಿಮೆಯದನ್ನು ಆರಿಸಬೇಕು. ಕೊನೆಗೆ ಕೇಂದ್ರದಿಂದ ಸಮಯ ಇಳಿಯುವ ಕಡೆಗೇ ಹಿಂದಕ್ಕೆ ಹೋದರೆ ದಾರಿ ಸಿಗುತ್ತದೆ. ಅಕ್ಕ, ನೀವಿಲ್ಲದಿದ್ದರೆ ನಾನು ಓದು ಬಿಟ್ಟು ಊರಿಗೆ ಹೋಗುತ್ತಿದ್ದೆ. ಸುಮ್ನೆ ಹೇಳುತ್ತಿಲ್ಲ.

ಭೂಕಂಪದ ದಾಖಲೆ ಓದಲು ಬಳಸುವ ಆಬ್ಸ್‌ಪೈ ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟವರಿಗೆ ದೊಡ್ಡ ನಮಸ್ಕಾರ. ಅಪ್ಪ ಅಮ್ಮನಿಗೂ, 'ಯಾವಾಗ ಮುಗಿಯುತ್ತೆ' ಅಂತ ಒಮ್ಮೆಯೂ ಕೇಳದೆ ಇದ್ದದ್ದಕ್ಕೆ.

ನೆಲದ ಕಂಪನ ಅಳೆಯುವ ಸೈಸ್ಮೋಮೀಟರ್ ಇಡಲು ತೋಟದ ಮೂಲೆ ಬಿಟ್ಟುಕೊಟ್ಟ ರೈತ ದಂಪತಿಗೆ ಏನು ಹೇಳಲಿ? ದನ ಅತ್ತ ಸುಳಿಯದಂತೆ ಬೇಲಿ ಹಾಕಿದಿರಿ, ಸೋಲಾರ್ ಪ್ಯಾನೆಲ್ ಮೇಲಿನ ಧೂಳು ಒರೆಸಿದಿರಿ. ಮೊದಲ ಅಲೆ ಬಂದ ಸಮಯ ಓದುವಾಗ ಅರ್ಧ ಸೆಕೆಂಡ್ ಹೆಚ್ಚುಕಮ್ಮಿಯಾದರೂ ಲೆಕ್ಕದಲ್ಲಿ ಮೂರು ನಾಲ್ಕು ಕಿ.ಮೀ. ವ್ಯತ್ಯಾಸ ಬರುತ್ತದೆ. ನಿಮ್ಮ ತೋಟದ ದಾಖಲೆ ಸ್ಪಷ್ಟವಾಗಿದ್ದದ್ದು ನಿಮ್ಮಿಂದ. ಮುಂದಿನ ತಿಂಗಳು ನಕ್ಷೆ ಪ್ರಿಂಟ್ ಹಾಕಿಸಿಕೊಂಡು ಬರುತ್ತೇನೆ, ಅಲೆಗಳು ಎಲ್ಲೆಲ್ಲಿಂದ ನಿಮ್ಮ ತೋಟಕ್ಕೆ ಬಂದವು ಅಂತ ಕೂತು ನೋಡೋಣ.